ಕತ್ತಿ ದಾಡಿ: ಮೂರು ಸಲ ಬಿಟ್ಟು ನಾಲ್ಕನೇ ಸಲ ಕೈಗೆ ಹತ್ತಿದ್ದು

ಹಳೇ ಕಾಲದ ಮಡಚುವ ಕ್ಷೌರದ ಕತ್ತಿ ಹಿಡಿದು ದಾಡಿ ಮಾಡಿಕೊಳ್ಳಲು ಹೊರಟವರು ಮೊದಲ ದಿನದ ಗಾಯಕ್ಕೆ ಹೆದರಿ ಬಿಡುವುದಿಲ್ಲ. ಎಂಟನೆಯದೋ ಹತ್ತನೆಯದೋ ದಾಡಿಗೆ ಕೂದಲು ಕತ್ತರಿಸುವ ಬದಲು ಕಿತ್ತುಕೊಂಡು ಬರಲು ಶುರುವಾಗುತ್ತದಲ್ಲ, ಆಗ ಬಿಡುತ್ತಾರೆ. ನಾನೂ ಹಾಗೆ ಮೂರು ಸಲ ಬಿಟ್ಟವನೇ. ನಮ್ಮ ಓಣಿಯ ಕಟಿಂಗ್ ಅಂಗಡಿಯವರು, "ಅದು ನಮ್ಮಪ್ಪನ ಕಾಲಕ್ಕ ಮುಗೀತ್ರಿ ಸರ, ಈಗ ನಮಗ ಬರೂದಿಲ್ಲ, ನಿಮಗೆಲ್ಲಿ ಬರತೈತಿ" ಅಂದಿದ್ದರು. ಈಗ ಹದಿನಾಲ್ಕು ಹದಿನೈದು ತಿಂಗಳಾಯಿತು, ಬೇರೆ ರೇಜರ್ ಮುಟ್ಟಿಲ್ಲ. ತಪ್ಪಿದ್ದದ್ದು ಮುಖದ ಮೇಲಲ್ಲ, ದಾಡಿಗೆ ಮೊದಲು ಕತ್ತಿಯ ಬಾಯಿಯನ್ನು, ಅಂದರೆ ಹರಿತದ ಅಂಚನ್ನು, ಸವರಿ ಸರಿಮಾಡುವ ಚರ್ಮದ ಪಟ್ಟಿಯ ಮೇಲೆ. ಅದಕ್ಕೇ ಇಲ್ಲಿ ಮುಖದ ಮಾತು ಕಡಿಮೆ, ಮಸೆಯುವ ಮಾತು ಜಾಸ್ತಿ. ನೊರೆ, ಬ್ರಷ್, ಬಿಸಿನೀರಿನ ಬಟ್ಟೆ ಇವೆಲ್ಲ ನಿಮಗೆ ಗೊತ್ತಿದೆ ಎಂದುಕೊಂಡಿದ್ದೇನೆ.

ಮೊದಲು ಅರ್ಧ ಬ್ಲೇಡಿನ ಕತ್ತಿಯ ವಿಷಯ ಮುಗಿಸಿಬಿಡುತ್ತೇನೆ. ಕಟಿಂಗ್ ಅಂಗಡಿಗಳಲ್ಲಿ ಬ್ಲೇಡನ್ನು ನಡುವೆ ಮುರಿದು ಸಿಕ್ಕಿಸುತ್ತಾರಲ್ಲ, ಆ ಕತ್ತಿ ನೂರೈವತ್ತು ಇನ್ನೂರಕ್ಕೆ ಸಿಗುತ್ತದೆ. "ಮೊದಲು ಅದರಲ್ಲಿ ಕೈ ಪಳಗಿಸಿಕೋ, ಆಮೇಲೆ ನಿಜವಾದ ಕತ್ತಿ ಹಿಡಿ" ಅನ್ನುವ ಸಲಹೆ ಎಲ್ಲ ಕಡೆ ಇದೆ. ನನಗದು ಒಂದೂವರೆ ತಿಂಗಳ ನಷ್ಟ. ಅದು ಹಗುರ, ಗಾಯ ಮಾಡುವವರೆಗೂ ಚರ್ಮ ತಾಕಿದ್ದೇ ಗೊತ್ತಾಗುವುದಿಲ್ಲ, ಮೂಲೆಗಳು ಚೂಪು. ನಿಜವಾದ ಕತ್ತಿಗೆ ಭಾರವಿದೆ. ಆ ಭಾರವೇ ಕೆಲಸ ಮಾಡಬೇಕು, ಕೈ ಬರೀ ದಾರಿ ತೋರಿಸಬೇಕು. ಅರ್ಧ ಬ್ಲೇಡಿನಲ್ಲಿ ಕಲಿತ ಕೈ ಕತ್ತಿಯನ್ನು ತೀರಾ ಮಲಗಿಸಿ ಹಿಡಿಯುತ್ತದೆ, ಆಮೇಲೆ ಅದನ್ನು ಮರೆಸುವುದೇ ಒಂದು ಕೆಲಸ. ಬೇರೆಯವರಿಗೆ ಹೊಂದಿರಬಹುದು, ಜಗಳವಿಲ್ಲ.

ನನ್ನ ಮೊದಲ ನಿಜವಾದ ಕತ್ತಿ ಆನ್‌ಲೈನಿನಲ್ಲಿ ತರಿಸಿದ ಚೀನಾ ಮಾಲು, ಸುಮಾರು ಒಂಬೈನೂರು ರೂಪಾಯಿ. ಡಬ್ಬದ ಮೇಲೆ ದಾಡಿಗೆ ಸಿದ್ಧ ಎಂದು ಬರೆದಿತ್ತು. ಸಿದ್ಧವೇನೂ ಇರಲಿಲ್ಲ. ಕಾರ್ಖಾನೆಯಿಂದ ಬರುವ ಅಗ್ಗದ ಕತ್ತಿಯ ಬಾಯಿ ತರಕಾರಿ ಹೆಚ್ಚುವ ಮಟ್ಟಕ್ಕಷ್ಟೇ ಹರಿತವಿರುತ್ತದೆ, ಮಸೆಯದೆ ಮುಖಕ್ಕೆ ಇಡುವಂತಿಲ್ಲ. ನಾನು ಇಟ್ಟೆ, ಎರಡು ದಿನ ಕೆನ್ನೆ ಉರಿಯಿತು. ಈ ಅಗ್ಗದ ಕತ್ತಿಗಳಲ್ಲಿ ಇನ್ನೊಂದು ತೊಂದರೆ ಉಂಟು: ಬುಡದಲ್ಲಿ, ಬಾಯಿ ಶುರುವಾಗುವ ಜಾಗದಲ್ಲೇ, ದಪ್ಪನೆಯ ಒಂದು ಗಂಟು ಇರುತ್ತದೆ. ಕಲ್ಲಿನ ಮೇಲೆ ಮಲಗಿಸಿದರೆ ಆ ಗಂಟು ಮೊದಲು ಕಲ್ಲಿಗೆ ತಾಕಿ ಬಾಯಿಯನ್ನು ಎತ್ತಿ ಹಿಡಿಯುತ್ತದೆ. ಗಂಟೆಗಟ್ಟಲೆ ಉಜ್ಜಿದರೂ ಬುಡದ ಕಡೆಯ ಕಾಲಿಂಚು ಹರಿತವಾಗುವುದೇ ಇಲ್ಲ. ಒಂದೋ ಆ ಗಂಟನ್ನು ಒರಟು ಕಲ್ಲಿನಲ್ಲಿ ತೇಯ್ದು ತೆಗೆಯಬೇಕು, ಇಲ್ಲವೇ ಗಂಟು ಕಲ್ಲಿನ ಅಂಚಿನ ಹೊರಗೇ ಇರುವ ಹಾಗೆ ಕತ್ತಿಯನ್ನು ಓರೆ ಹಿಡಿದು ಎಳೆಯಬೇಕು. ಇದು ಹೊಳೆಯಲು ನನಗೆ ನಾಲ್ಕು ಭಾನುವಾರ ಹಿಡಿಯಿತು.

ಈಗ ದಿನವೂ ಬಳಸುವುದು ಬೆಂಗಳೂರಿನ ಸಂಡೇ ಬಜಾರಿನಲ್ಲಿ ಆರುನೂರಕ್ಕೆ ಸಿಕ್ಕ ಹಳೇ ಜರ್ಮನ್ ಕತ್ತಿ. ಅಗಲ ಮುಕ್ಕಾಲು ಇಂಚಿಗೆ ಕೂದಲೆಳೆ ಕಡಿಮೆ, ಎರಡೂ ಬದಿ ಒಳಕ್ಕೆ ಬಾಗುವಂತೆ ತೇಯ್ದು ಚೆನ್ನಾಗಿ ತೆಳ್ಳಗೆ ಮಾಡಿದ್ದು. ಅದರ ಬುಡದ ಮೇಲೆ ಸೋಲಿಂಗೆನ್ ಎಂದು ಒತ್ತಿದೆ. ಹಲವರು ಅದನ್ನು ಕಂಪನಿ ಹೆಸರು ಅಂದುಕೊಳ್ಳುತ್ತಾರೆ. ಅದು ಜರ್ಮನಿಯ ಊರು. ಅಲ್ಲಿ ಕತ್ತಿ ಮಾಡುವವರು ಬಹಳ, ತಯಾರಕನ ಗುರುತು ಬೇರೆಯೇ ಇರುತ್ತದೆ. ಇಂಗ್ಲೆಂಡಿನ ಶೆಫೀಲ್ಡ್ ಕೂಡ ಹಾಗೇ ಊರಿನ ಹೆಸರು.

ಹಳೇ ಕತ್ತಿ ಕೊಳ್ಳುವಾಗ ಮೇಲಿನ ತುಕ್ಕಿಗೆ ಹೆದರಬೇಡಿ, ಬಾಯಿಯ ತುದಿಯ ತುಕ್ಕಿಗೆ ಹೆದರಿ. ಬೆನ್ನ ಮೇಲಿನ, ಅಂದರೆ ಬಾಯಿಯ ಎದುರಿನ ದಪ್ಪ ಅಂಚಿನ ಮೇಲಿನ, ಕಪ್ಪು ಕಲೆ ಹಾಗೇ ಇದ್ದರೂ ನಡೆಯುತ್ತದೆ. ಬಾಯಿಯಿಂದ ಎರಡು ಮಿಲಿಮೀಟರ್ ಒಳಗೆ ಸೂಜಿ ಚುಚ್ಚಿದಂಥ ತೂತು ಕಂಡರೆ ಅಲ್ಲೇ ಬಿಟ್ಟು ಬನ್ನಿ, ಮಸೆದಷ್ಟೂ ಅಲ್ಲಿ ಅಂಚು ಉದುರುತ್ತ ಹೋಗುತ್ತದೆ. ಬಾಯಿಯನ್ನು ಗಾಜಿನ ಮೇಲೆ ನಿಲ್ಲಿಸಿ ಬೆಳಕಿಗೆ ನೋಡಿ: ನಡು ಭಾಗ ಗಾಜಿಗೆ ತಾಕಿ ಎರಡು ತುದಿ ಸ್ವಲ್ಪ ಎದ್ದಿದ್ದರೆ ಅಡ್ಡಿಯಿಲ್ಲ, ನಡುವೆ ಬೆಳಕು ಕಂಡರೆ ಬೇಡ. ಬೆನ್ನು ಎರಡೂ ಬದಿ ಒಂದೇ ಸಮ ಸವೆದಿರಬೇಕು. ಉಗುರಿನಿಂದ ಮೆಲ್ಲಗೆ ತಟ್ಟಿದರೆ ಟಿಣ್ ಅನ್ನಬೇಕು, ಸೀಳಿದ್ದರೆ ಆ ಸದ್ದು ಸತ್ತಿರುತ್ತದೆ. ಹಿಡಿ ಸೆಲ್ಯುಲಾಯ್ಡ್ ಎಂಬ ಹಳೇ ಬಗೆಯ ಪ್ಲಾಸ್ಟಿಕ್ಕಿನದಾಗಿ, ಕರ್ಪೂರದಂಥ ಘಾಟು ಬಂದು, ಹಿಡಿಯೊಳಗೆ ಮಡಚಿಕೊಳ್ಳುವ ಭಾಗಕ್ಕೆ ಮಾತ್ರ ತುಕ್ಕು ಹಿಡಿದಿದ್ದರೆ ಆ ಹಿಡಿಯೇ ಕೊಳೆಯುತ್ತಿದೆ ಅಂತ ಅರ್ಥ. ಅದನ್ನು ಬೇರೆ ಕತ್ತಿಗಳ ಜೊತೆ ಒಂದೇ ಡಬ್ಬದಲ್ಲಿ ಇಟ್ಟರೆ ಅವುಗಳಿಗೂ ತುಕ್ಕು ಹತ್ತುತ್ತದೆ. ಇನ್ನೊಬ್ಬರು ಬಳಸಿದ ಕತ್ತಿ ತಾನೇ, ಮೊದಲು ಸೋಪಿನಲ್ಲಿ ಚೆನ್ನಾಗಿ ಉಜ್ಜಿ, ಆಮೇಲೆ ಸ್ಪಿರಿಟ್ಟಿನಲ್ಲಿ ನೆನೆಸಿದ ಹತ್ತಿಯಿಂದ ಮೂರ್ನಾಲ್ಕು ಸಲ ಒರೆಸುತ್ತೇನೆ. ಕುದಿಸಲು ಹೋಗಿ ಒಂದು ಕೊಂಬಿನ ಹಿಡಿ ಸೊಟ್ಟಗಾಯಿತು, ಆ ತಪ್ಪು ಮಾಡಬೇಡಿ.

ಇನ್ನು ಸಾಣೆ. ಎರಡನೇ ಸಲ ಬಿಟ್ಟದ್ದು ಇಲ್ಲೇ. ಒಂದು ಸಾವಿರದ್ದು, ನಾಲ್ಕು ಸಾವಿರದ್ದು, ಎಂಟು ಸಾವಿರದ್ದು, ಹನ್ನೆರಡು ಸಾವಿರದ್ದು ಎಂದು ಕಲ್ಲು ಕೂಡಿಸುತ್ತ ಹೋದೆ (ಇವು ಬೆಲೆಯಲ್ಲ, ಕಲ್ಲಿನ ನಯದ ಸಂಖ್ಯೆ, ಹೆಚ್ಚಿದಷ್ಟೂ ನಯ). ಹನ್ನೊಂದು ಹನ್ನೆರಡು ಸಾವಿರ ರೂಪಾಯಿ ಕರಗಿತು. ಕತ್ತಿ ಮಾತ್ರ ಹರಿತವಾಗಲಿಲ್ಲ, ಯಾಕೆಂದರೆ ಒಂದು ಸಾವಿರದ ಕಲ್ಲಿನ ಮೇಲೆ ಕೆಲಸ ಮುಗಿಯುವ ಮೊದಲೇ ಮುಂದಿನ ಕಲ್ಲಿಗೆ ಹೋಗುತ್ತಿದ್ದೆ. ಎರಡು ಬದಿಯ ಇಳಿಜಾರು ತುದಿಯಲ್ಲಿ ಒಂದಕ್ಕೊಂದು ಸೇರದಿದ್ದರೆ ಹನ್ನೆರಡು ಸಾವಿರದ ಕಲ್ಲು ಮೊಂಡು ಬಾಯಿಗೇ ಪಾಲಿಶ್ ಕೊಡುತ್ತದೆ, ಅಷ್ಟೇ.

ಸೇರಿದೆಯೋ ಇಲ್ಲವೋ ನೋಡುವ ಬಗೆ: ಬಾಯಿಯ ಎರಡೂ ಬದಿಗೆ ಉದ್ದಕ್ಕೂ ಕಪ್ಪು ಮಾರ್ಕರ್ ಹಚ್ಚಿ, ಕಲ್ಲಿನ ಮೇಲೆ ನಾಲ್ಕು ಎಳೆತ ಎಳೆಯಿರಿ. ಇನ್ನೂರು ರೂಪಾಯಿಯ ಜೇಬಿನ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಮಸಿ ಎಲ್ಲಿ ಉಳಿದಿದೆ ಕಾಣುತ್ತದೆ. ತೀರಾ ತುದಿಯಲ್ಲಿ ಕಪ್ಪು ಗೆರೆ ಉಳಿದಿದ್ದರೆ ಕಲ್ಲು ಇನ್ನೂ ಬಾಯಿಯನ್ನು ಮುಟ್ಟಿಯೇ ಇಲ್ಲ. ಮೈಕ್ರೋಸ್ಕೋಪ್ ಇಲ್ಲದಿದ್ದರೆ ಬಲ್ಬಿನ ಕೆಳಗೆ ಬಾಯಿಯನ್ನು ಮೇಲ್ಮುಖ ಮಾಡಿ ನೇರ ಮೇಲಿನಿಂದ ನೋಡಿ. ಹರಿತವಾದ ಬಾಯಿ ಕಾಣಿಸುವುದಿಲ್ಲ, ಬೆಳಕು ಹೊಡೆಸಲು ಅದಕ್ಕೆ ಅಗಲವೇ ಇರುವುದಿಲ್ಲ. ಎಲ್ಲಾದರೂ ಕೂದಲೆಳೆಯಷ್ಟು ಬಿಳಿ ಮಿಂಚಿದರೆ ಅಲ್ಲಿ ಮೊಂಡು. ಬುಡದಿಂದ ತುದಿಯವರೆಗೆ ಮುಂಗೈ ಕೂದಲನ್ನು ಸದ್ದಿಲ್ಲದೆ ತೆಗೆಯುವವರೆಗೂ ಒಂದು ಸಾವಿರದ ಕಲ್ಲು ಬಿಡಬೇಡಿ. ಹೊಸ ಕತ್ತಿಗೆ ಇನ್ನೂರು ಎಳೆತವೂ ಬೇಕಾದೀತು. ಆಮೇಲೆ ನಾಲ್ಕು ಸಾವಿರದಲ್ಲಿ ನಲವತ್ತು, ಎಂಟು ಸಾವಿರದಲ್ಲಿ ಮೂವತ್ತು, ಹನ್ನೆರಡು ಸಾವಿರದಲ್ಲಿ ಇಪ್ಪತ್ತು, ಅಂದಾಜು. ಮೇಲೆ ಹೋದಂತೆ ಒತ್ತಡ ಇಳಿಯಬೇಕು. ಕೊನೆಯ ಕಲ್ಲಿನಲ್ಲಿ ಕತ್ತಿಯ ಭಾರ ಮಾತ್ರ. ಅಲ್ಲಿ ನೀರಿಗೆ ನಾನು ಇನ್ನೊಂದು ಬೆರೆಸುತ್ತೇನೆ. ಅದೊಂದು ನನ್ನ ಹತ್ತಿರವೇ ಇರಲಿ, ಹುಡುಕಿದರೆ ನಿಮಗೂ ಸಿಗುತ್ತದೆ.

ಕೋನದ ಚಿಂತೆ ಬೇಡ. ಅಡುಗೆ ಮನೆಯ ಚಾಕುವಿನ ಹಾಗೆ ಕೈಯಲ್ಲಿ ಕೋನ ಹಿಡಿಯುವ ಕೆಲಸ ಇಲ್ಲಿಲ್ಲ. ಬೆನ್ನು ಮತ್ತು ಬಾಯಿ ಎರಡೂ ಕಲ್ಲಿಗೆ ತಾಕಿರಬೇಕು, ಬೆನ್ನಿನ ದಪ್ಪವೇ ಕೋನ ಕೊಡುತ್ತದೆ. ಮುಕ್ಕಾಲು ಇಂಚು, ಅಂದರೆ 19 ಮಿಲಿಮೀಟರ್ ಅಗಲದ ಕತ್ತಿಗೆ ಬೆನ್ನು ಐದೂವರೆ ಮಿಲಿಮೀಟರ್ ಇದ್ದರೆ ಎರಡೂ ಬದಿ ಸೇರಿ ಹದಿನಾರೂವರೆ ಡಿಗ್ರಿ ಆಸುಪಾಸು ಬರುತ್ತದೆ. ನಾನು ಮೊದಲು ಒತ್ತಿ ಒತ್ತಿ ಬೆನ್ನನ್ನೇ ಅರ್ಧ ಮಿಲಿಮೀಟರ್ ತಿಂದುಹಾಕಿದ್ದೆ. ಈಗ ಒರಟು ಕಲ್ಲಿನ ಕೆಲಸಕ್ಕೆ ಮೊದಲು ಬೆನ್ನಿಗೆ ವೈರಿಂಗ್ ಟೇಪಿನ ಒಂದು ಪದರ ಸುತ್ತುತ್ತೇನೆ. ಒಮ್ಮೆ ಟೇಪ್ ಸುತ್ತಿ ಶುರು ಮಾಡಿದರೆ ಕೊನೆಯ ಕಲ್ಲಿನವರೆಗೂ ಟೇಪ್ ಇರಬೇಕು, ನಡುವೆ ಬಿಚ್ಚಿದರೆ ಕೋನ ಬದಲಾಗಿ ಮಾಡಿದ್ದೆಲ್ಲ ನೀರುಪಾಲು.

ಕಲ್ಲಿಗೆ ದುಡ್ಡು ಸುರಿಯಲು ಮನಸ್ಸಿಲ್ಲದವರಿಗೆ ಲ್ಯಾಪಿಂಗ್ ಫಿಲ್ಮ್, ಅಂದರೆ ಉಜ್ಜುವ ನುಣ್ಣನೆ ಪುಡಿ ಹಚ್ಚಿದ ಪ್ಲಾಸ್ಟಿಕ್ ಹಾಳೆ, ಸಾಕು. ಹನ್ನೆರಡು, ಐದು, ಮೂರು, ಒಂದು ಮೈಕ್ರಾನಿನ ಹಾಳೆ ಒಂದೊಂದು ತಂದು ಉದ್ದಕ್ಕೆ ಮೂರು ಮೂರು ಪಟ್ಟಿ ಕತ್ತರಿಸಿಕೊಂಡರೆ ವರ್ಷ ಬರುತ್ತದೆ. ಅದನ್ನು ಹಾಸಲು ಗಾಜಿನ ಅಂಗಡಿಯಲ್ಲಿ ಹತ್ತು ಮಿಲಿಮೀಟರ್ ದಪ್ಪದ ತುಂಡು ಕೇಳಿ, ಅಂಚು ಉಜ್ಜಿಸಿಕೊಳ್ಳಿ. ನೀರು ಚಿಮುಕಿಸಿದರೆ ಫಿಲ್ಮ್ ತಾನೇ ಅಂಟಿಕೊಳ್ಳುತ್ತದೆ. ಕೆಳಗೆ ಒಂದು ಮರಳ ಕಣ ಸಿಕ್ಕಿದರೂ ಬಾಯಿಗೆ ಹಲ್ಲು, ಅಂದರೆ ಸಣ್ಣ ಕಚ್ಚು, ಬೀಳುತ್ತದೆ, ಹಾಗಾಗಿ ಗಾಜನ್ನು ಅಂಗೈಯಿಂದ ಸವರಿ ನೋಡಿಯೇ ಹಾಸಬೇಕು. ಇದೆಲ್ಲ ಸೇರಿ ಸಾವಿರದ ಇನ್ನೂರು ಆಗಬಹುದು. ನನ್ನ ಹನ್ನೆರಡು ಸಾವಿರದ ಕಲ್ಲನ್ನೂ ಒಂದು ಮೈಕ್ರಾನಿನ ಫಿಲ್ಮನ್ನೂ ಕಣ್ಣು ಕಟ್ಟಿ ಕೊಟ್ಟರೆ ದಾಡಿಯಲ್ಲಿ ವ್ಯತ್ಯಾಸ ಹೇಳಲಾರೆ. ಕಲ್ಲುಗಳನ್ನು ಮಾರುವುದೂ ಇಲ್ಲ, ಅದು ಬೇರೆ ಮಾತು.

ಈಗ ಪಟ್ಟಿ. ಇಷ್ಟು ಕಷ್ಟಪಟ್ಟು ತಂದ ಬಾಯಿಯನ್ನು ನಾನು ದಿನಾ ಬೆಳಿಗ್ಗೆ ನನ್ನ ಕೈಯಾರೆ ಹಾಳು ಮಾಡುತ್ತಿದ್ದುದು ಇಲ್ಲಿ. ಮೊದಲ ದಾಡಿ ಹಗುರ, ಮೂರನೆಯದು ಸ್ವಲ್ಪ ಒರಟು, ಎಂಟನೆಯದಕ್ಕೆ ಕಿತ್ತುಕೊಂಡು ಬರುವುದು. ಆಗ ಸಾಣೆಯೇ ಸರಿಯಿಲ್ಲ ಎಂದುಕೊಂಡು ಮತ್ತೆ ಕಲ್ಲಿಗೆ ಓಡುತ್ತಿದ್ದೆ. ಒಂದು ದಿನ ಮಸೆದ ಕೂಡಲೇ, ಪಟ್ಟಿಗೆ ಹಾಕುವ ಮೊದಲು ಮತ್ತು ಆಮೇಲೆ, ಎರಡೂ ಸಲ ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಪಟ್ಟಿಗೆ ಹಾಕಿದ ಮೇಲೆಯೇ ಬಾಯಿ ಕೆಟ್ಟಿತ್ತು. ತುದಿಯಿಂದ ಅರ್ಧ ಇಂಚು ದೂರದಲ್ಲಿ, ಒಂದೇ ಬದಿಗೆ, ಅಂಚು ಮಡಚಿಕೊಂಡಿತ್ತು.

ಕಾರಣ ಎರಡು. ಒಂದು, ಪಟ್ಟಿ ಜೋಲುತ್ತಿತ್ತು. ಎಡಗೈ ಸಡಿಲ ಬಿಟ್ಟು ಬಲಗೈ ಒತ್ತಿದರೆ ಚರ್ಮ ಕುಳಿ ಬಿದ್ದು ಬಾಯಿಯ ಸುತ್ತ ಮೇಲಕ್ಕೇಳುತ್ತದೆ, ಅಂಚು ದುಂಡಗಾಗುತ್ತದೆ. ಪಟ್ಟಿ ಬಿಗಿಯಾಗಿರಬೇಕು, ಬೆನ್ನು ಮುಂದೆ ಹೋಗಬೇಕು, ಬಾಯಿ ಹಿಂದೆ ಎಳೆದುಕೊಂಡು ಬರಬೇಕು. ಎರಡನೆಯದು, ಹೊರಳಿಸುವುದು. ಪಟ್ಟಿಯ ಕೊನೆಗೆ ಬಂದಾಗ ಕತ್ತಿ ಪೂರ್ತಿ ನಿಲ್ಲಬೇಕು, ಬೆನ್ನು ಚರ್ಮ ಬಿಡದೆ ಬೆನ್ನಿನ ಮೇಲೆಯೇ ಉರುಳಬೇಕು, ಆಮೇಲೆ ಹಿಂತಿರುಗಬೇಕು. ಹೊಸಬರ ಕೈ ನಿಲ್ಲುವ ಮೊದಲೇ ಹೊರಳಿಸಲು ಶುರು ಮಾಡುತ್ತದೆ. ಆ ಕ್ಷಣದಲ್ಲಿ ಬೆನ್ನು ಎದ್ದಿರುತ್ತದೆ, ಕತ್ತಿ ಇನ್ನೂ ಚಲಿಸುತ್ತಿರುತ್ತದೆ, ಬಾಯಿ ಚರ್ಮವನ್ನು ಕೆರೆಯುತ್ತದೆ. ಸದ್ದಿನಲ್ಲೇ ಗೊತ್ತಾಗುತ್ತದೆ: ಸರಿಯಿದ್ದರೆ ಉದ್ದಕ್ಕೂ ಒಂದೇ ಸಮ ಸರ್ ಅನ್ನುವ ಸದ್ದು, ತಪ್ಪಿದರೆ ಕೊನೆಯಲ್ಲಿ ಸಣ್ಣದೊಂದು ಟಕ್. ಆ ಟಕ್ ಇರುವವರೆಗೂ ದಾಡಿ ಸುಧಾರಿಸುವುದಿಲ್ಲ. ಬೆರಳ ತುದಿಯಲ್ಲಿ ಕತ್ತಿಯ ಬುಡವನ್ನು ಉರುಳಿಸಬೇಕು, ಮಣಿಕಟ್ಟು ತಿರುಗಬಾರದು. ಮೊಂಡು ಬೆಣ್ಣೆ ಚಾಕುವಿನಲ್ಲಿ ಎರಡು ವಾರ, ದಿನಕ್ಕೆ ನೂರು, ಟಿವಿ ನೋಡದೆ. ನಾಲ್ಕನೇ ಸಲ ಕೈಗೆ ಹತ್ತಿದ್ದು ಇದರಿಂದಲೇ.

ಪಟ್ಟಿಯ ಚರ್ಮಕ್ಕೆ ಬಹಳ ಅಲೆದೆ. ಮೊದಲನೆಯದು ಹಳೇ ಬೆಲ್ಟ್; ಮೇಲೆ ಬಣ್ಣದ ಪದರ ಇದ್ದುದರಿಂದ ಕತ್ತಿ ಜಾರುತ್ತಿತ್ತು, ಕೆಲಸವೇನೂ ಆಗುತ್ತಿರಲಿಲ್ಲ. ಎರಡನೆಯದು ಸೋಫಾ ಅಂಗಡಿಯ ಮೆತ್ತನೆ ಚರ್ಮ, ರಬ್ಬರಿನಂತೆ ಹಿಗ್ಗುತ್ತಿತ್ತು. ಕೊನೆಗೆ ಕೂಡಿಬಂದದ್ದು ಅಥಣಿ ಚರ್ಮ. ಕೊಲ್ಹಾಪುರಿ ಚಪ್ಪಲಿ ಅನ್ನುತ್ತೇವಲ್ಲ, ಅದರಲ್ಲಿ ಬಹಳಷ್ಟು ನಮ್ಮ ಬೆಳಗಾವಿ ಜಿಲ್ಲೆಯ ಅಥಣಿ, ನಿಪ್ಪಾಣಿ ಕಡೆ ತಯಾರಾಗುವುದು. 2019ರ ಭೌಗೋಳಿಕ ಸೂಚಕ ಪಟ್ಟ ಕೂಡ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ನಾಲ್ಕು ಜಿಲ್ಲೆಗಳಿಗೂ ಸೇರಿದೆ. ಆ ಚರ್ಮ ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ಹದ ಮಾಡಿದ್ದು, ಹಿಗ್ಗುವುದಿಲ್ಲ. ಎರಡೂವರೆ ಇಂಚು ಅಗಲ, ಇಪ್ಪತ್ತು ಇಂಚು ಉದ್ದ, ಗಾಯದ ಕಲೆ ಇಲ್ಲದ ಪಟ್ಟಿ ಕೇಳಿದೆ, ಮುನ್ನೂರೈವತ್ತು ತೆಗೆದುಕೊಂಡರು. ಮೇಲ್ಮೈ ಒರಟಿತ್ತು. ಮೊದಲು ನಾನೂರರ, ಆಮೇಲೆ ಎಂಟುನೂರರ ಪಾಲಿಶ್ ಪೇಪರಿನಲ್ಲಿ ಉಜ್ಜಿ, ಧೂಳು ಪೂರ್ತಿ ಒರೆಸಿ, ಒಂದು ವಾರ ಬರೀ ಅಂಗೈಯಿಂದ ತಿಕ್ಕಿದೆ. ಅಂಗೈಯ ಜಿಡ್ಡು ಸಾಕು, ಎಣ್ಣೆ ಹಾಕಬೇಡಿ.

ಬೆಳಿಗ್ಗೆ ಮೊದಲು ದಪ್ಪ ಹತ್ತಿ ಪಟ್ಟಿಯ ಮೇಲೆ ಇಪ್ಪತ್ತೈದು, ಚರ್ಮದ ಮೇಲೆ ಐವತ್ತು ಅರವತ್ತು. ಬಾಯಿಗೆ ಪಾಲಿಶ್ ಕೊಡುವ ಹಸಿರು ಪೇಸ್ಟ್, ಅಂದರೆ ಕ್ರೋಮಿಯಂ ಆಕ್ಸೈಡ್, ಅರ್ಧ ಮೈಕ್ರಾನಿನದು, ಬೇರೆಯೇ ಪಟ್ಟಿಗೆ ಇರಬೇಕು. ನಾನು ಮೊದಲು ದಿನದ ಪಟ್ಟಿಗೇ ರೊಟ್ಟಿಗೆ ಬೆಣ್ಣೆ ಸವರಿದಂತೆ ಸವರಿದ್ದೆ; ಒಂದು ವಾರ ಅದ್ಭುತ ದಾಡಿ, ಎರಡನೇ ವಾರಕ್ಕೆ ಅಂಚು ಗುಂಡು. ಈಗ ಹದಿನೈದು ಇಪ್ಪತ್ತು ದಾಡಿಗೊಮ್ಮೆ, ಬೆರಳಿಗೆ ಅಂಟಿತೋ ಇಲ್ಲವೋ ಅನ್ನುವಷ್ಟು ಪೇಸ್ಟಿನ ಮೇಲೆ ಹತ್ತು ಎಳೆತ. ಕಲ್ಲಿಗೆ ಹೋಗುವುದು ನಾಲ್ಕೈದು ತಿಂಗಳಿಗೊಮ್ಮೆ. ನಮ್ಮ ಓಣಿಯ ಅಂಗಡಿಯವರು ಅವರಪ್ಪನ ಕತ್ತಿ ಎರಡು ಕೊಟ್ಟು ಹೋಗಿದ್ದಾರೆ, ಮಸೆದುಕೊಡಲು. ಸುಮ್ಮನೆ ಹೇಳಿದೆ.

ಮುಖದ ಮೇಲೆ: ಮೊದಲ ಎರಡು ವಾರ ಎರಡು ಕೆನ್ನೆ ಮಾತ್ರ, ಉಳಿದದ್ದಕ್ಕೆ ನಿಮ್ಮ ಹಳೇ ರೇಜರ್. ಮೂರು ದಿನದ ದಾಡಿಯ ಮೇಲೆ ಬೆರಳಾಡಿಸಿ ಕೂದಲು ಎತ್ತ ಮಲಗಿದೆ ನೋಡಿಟ್ಟುಕೊಳ್ಳಿ. ಕುತ್ತಿಗೆಯಲ್ಲಿ ಅದು ಕೆಳಕ್ಕಲ್ಲ, ಅಡ್ಡಕ್ಕೂ ಸುಳಿಯಾಗಿಯೂ ಇರುವುದು ಸಾಮಾನ್ಯ. ಕತ್ತಿಯನ್ನು ಕೆನ್ನೆಗೆ ಚಪ್ಪಟೆ ಮಲಗಿಸಿ, ಬೆನ್ನನ್ನು ಅದರದೇ ಎರಡು ದಪ್ಪದಷ್ಟು ಎತ್ತಿದರೆ ಮೂವತ್ತು ಡಿಗ್ರಿಯ ಹತ್ತಿರ ಬರುತ್ತದೆ. ಇದಕ್ಕಿಂತ ಮಲಗಿದರೆ ಕೂದಲು ಜಗ್ಗುತ್ತದೆ, ಎದ್ದರೆ ಚರ್ಮ ಹೆರೆಯುತ್ತದೆ. ಕೋನಕ್ಕಿಂತಲೂ ಚರ್ಮ ಬಿಗಿಹಿಡಿಯುವ ಕೈ ಮುಖ್ಯ. ನೊರೆಯಲ್ಲಿ ಬೆರಳು ಜಾರುತ್ತದೆ, ಅದಕ್ಕೆ ಒದ್ದೆ ಪಟಿಕವನ್ನು ಎರಡು ಬೆರಳಿಗೆ ತಿಕ್ಕಿಕೊಳ್ಳಿ, ಹಿಡಿತ ಕೂರುತ್ತದೆ. ಎಳೆತ ಒಂದು ಒಂದೂವರೆ ಇಂಚು, ಅಷ್ಟೇ. ಬಾಯಿ ಯಾವತ್ತೂ ತನ್ನ ಉದ್ದಕ್ಕೆ ಸರಿಯಬಾರದು. ಆಳದ ಗಾಯಗಳು ಆಗುವುದು ಹಾಗೇ, ಸೌತೆಕಾಯಿ ಹೆಚ್ಚಿದ ಹಾಗೆ. ಗುಂಡು ತುದಿಯ ಕತ್ತಿ ತಗೊಳ್ಳಿ, ಚೌಕ ತುದಿಯದು ಕಿವಿಯ ಹಾಲೆಯನ್ನು ಹುಡುಕಿಕೊಂಡು ಹೋಗುತ್ತದೆ.

ಎಡಗೆನ್ನೆಗೆ ಎಡಗೈ. ವಾರ ಹತ್ತು ದಿನ ವಿಚಿತ್ರವೆನಿಸುತ್ತದೆ, ಆಮೇಲೆ ಎಡಗೈಯೇ ನಯ, ಯಾಕೆಂದರೆ ಅದಕ್ಕೆ ಒತ್ತುವ ದುರಭ್ಯಾಸವಿಲ್ಲ. ದವಡೆಯ ಮೂಳೆಯ ಮೇಲೆ ಕತ್ತಿ ಹಾಯಿಸಬೇಡಿ. ಚರ್ಮವನ್ನು ಮೇಲಕ್ಕೆಳೆದರೆ ಮೂಳೆಯ ಕೆಳಗಿನದು ಕೆನ್ನೆಯ ಮೇಲಕ್ಕೆ ಬರುತ್ತದೆ, ಅಲ್ಲಿ ತೆಗೆಯಿರಿ. ಗಂಟಲ ಗಂಟಿನ ಚರ್ಮವನ್ನು ಪಕ್ಕಕ್ಕೆ ಸರಿಸಿ. ಗದ್ದ ಕೊನೆಗೆ, ಅದಕ್ಕಿಂತ ಕೊನೆಗೆ ಮೇಲ್ತುಟಿ. ಮೇಲ್ತುಟಿಗೆ ನನ್ನದೊಂದು ಉಪಾಯವಿದೆ, ಅದನ್ನು ಕನ್ನಡಿ ಮುಂದೆ ತೋರಿಸಬಹುದೇ ಹೊರತು ಬರೆಯಲಾಗುವುದಿಲ್ಲ. ಮುಗಿದ ಮೇಲೆ ಪಟಿಕ ಹಚ್ಚಿ: ಎಲ್ಲಿ ಉರಿಯಿತೋ ಅಲ್ಲಿ ಒತ್ತಿದ್ದೀರಿ. ಮೊದಲ ತಿಂಗಳು ನನಗೆ ಪೂರ್ತಿ ಕುತ್ತಿಗೆ, ಈಗ ಎಲ್ಲೂ ಇಲ್ಲ. ಹೊತ್ತು? ಹನ್ನೆರಡು ಹದಿಮೂರು ನಿಮಿಷ, ಪಟ್ಟಿಯದೂ ಸೇರಿ.

ನಡುವೆ ಮಾಡಿದ ಕಿತಾಪತಿಗಳೂ ಇವೆ. ಅಂಟುವಾಳದ ನೊರೆ: ಕಾಣಲು ಬಹಳ, ಒಂದು ನಿಮಿಷಕ್ಕೆ ಇಳಿದುಹೋಗುತ್ತದೆ, ಜಾರಿಕೆ ಇಲ್ಲ, ಕಣ್ಣಿಗೆ ಬಿದ್ದರೆ ದೇವರೇ ಗತಿ. ದಾಡಿಗೆ ಮೊದಲು ಕೊಬ್ಬರಿ ಎಣ್ಣೆ: ಚರ್ಮಕ್ಕೆ ಹಿತ, ಆದರೆ ನೊರೆ ಕುಸಿಯುತ್ತದೆ, ನಾಲ್ಕು ಹನಿಗಿಂತ ಜಾಸ್ತಿ ಬೇಡ. ಅಡಿಕೆ ಹಾಳೆಯನ್ನು ಪಟ್ಟಿಯಾಗಿ: ನಾರಿನ ಗೆರೆಗಳಿಂದ ಬಾಯಿಗೆ ಹಲ್ಲು, ಎರಡು ಗಂಟೆ ಸಾಣೆ ದಂಡ. ಹಳೇ ದಿನಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ಹಲಗೆಗೆ ಸುತ್ತಿದ್ದು ಮಾತ್ರ ನನ್ನನ್ನೇ ಅಚ್ಚರಿಗೊಳಿಸಿತು. ಪ್ರವಾಸದಲ್ಲಿ ಪಟ್ಟಿ ಮರೆತರೆ ಅದೇ ಸಾಕು. ನಮ್ಮಲ್ಲಿ ನಲ್ಲಿ ನೀರಿನಲ್ಲಿ ನೊರೆ ಚೆನ್ನಾಗಿ ಬರುತ್ತದೆ, ಬೋರಿನ ನೀರಿನಲ್ಲಿ ಅದೇ ಸೋಪು ಮೊಸರು ಒಡೆದಂತಾಗುತ್ತದೆ. ಬೋರ್ ಇರುವವರು ಒಂದು ಲೋಟ ಆರ್‌ಒ ಫಿಲ್ಟರಿನ ನೀರು ಪಕ್ಕಕ್ಕಿಟ್ಟುಕೊಳ್ಳಿ, ಸೋಪು ಬದಲಿಸುತ್ತ ದುಡ್ಡು ಕಳೆಯಬೇಡಿ. ಫ್ಯಾನ್ ಆರಿಸಿ, ನೊರೆ ಒಣಗುತ್ತದೆ.

ತುಕ್ಕು. ಧಾರವಾಡದ ಮಳೆಗಾಲದಲ್ಲಿ ಬಚ್ಚಲಲ್ಲಿ ಬಿಟ್ಟ ಕತ್ತಿಗೆ ಎರಡೇ ದಿನಕ್ಕೆ ಕಂದು ಚುಕ್ಕೆ ಬಂತು. ಬೆನ್ನಿನಿಂದ ಬಾಯಿಯ ಕಡೆಗೆ ಟಿಶ್ಯೂನಿಂದ ಒರೆಸಿ, ಹತ್ತಿ ಪಟ್ಟಿಯ ಮೇಲೆ ಹತ್ತು ಎಳೆತ ಎಳೆದು, ತೆರೆದೇ ಅರ್ಧ ಗಂಟೆ ಬಿಡಬೇಕು. ಹಿಡಿಯ ಮೊಳೆಯ ಸುತ್ತ ನೀರು ನಿಲ್ಲುತ್ತದೆ, ಅಲ್ಲಿಗೆ ಟಿಶ್ಯೂ ಮೂಲೆ ಸುರುಳಿ ಮಾಡಿ ತೂರಿಸಿ. ಎಣ್ಣೆಯೆಂದರೆ ಹೊಲಿಗೆ ಯಂತ್ರದ್ದು, ಒಂದು ಹನಿ. ಕೊಬ್ಬರಿ ಎಣ್ಣೆ ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತದೆ, ಆಮೇಲೆ ಅಂಟಂಟು, ಆ ಅಂಟು ಪಟ್ಟಿಗೂ ಹತ್ತುತ್ತದೆ.

ಲೆಕ್ಕ ಬರೆದಿಟ್ಟಿಲ್ಲ. ಕೆಟ್ಟದ್ದೆಲ್ಲ ಸೇರಿ ಹದಿನೇಳು ಹದಿನೆಂಟು ಸಾವಿರ ಹೋಗಿರಬೇಕು. ಇಂದು ಮತ್ತೆ ಶುರು ಮಾಡುವುದಾದರೆ ಹಳೇ ಕತ್ತಿ ಒಂದು, ಫಿಲ್ಮ್ ಮತ್ತು ಗಾಜು, ಅಥಣಿ ಪಟ್ಟಿ, ಹತ್ತಿ ಪಟ್ಟಿ, ಮೈಕ್ರೋಸ್ಕೋಪ್: ಎರಡೂವರೆ ಸಾವಿರದೊಳಗೆ ಮುಗಿಸುತ್ತೇನೆ. ಕಟಿಂಗ್ ಅಂಗಡಿಯಲ್ಲಿ ವಾರಕ್ಕೆರಡು ದಾಡಿಗೆ ಎಂಬತ್ತರಂತೆ ಹಿಡಿದರೆ ನಾಲ್ಕು ತಿಂಗಳ ದುಡ್ಡು. ವಿಮಾನದಲ್ಲಿ ಹೋಗುವವರು ಕತ್ತಿಯನ್ನು ಕೈಚೀಲದಲ್ಲಿ ಇಡಬೇಡಿ, ತಪಾಸಣೆಯಲ್ಲಿ ತೆಗೆದಿಟ್ಟುಕೊಳ್ಳುತ್ತಾರೆ. ಚೆಕ್-ಇನ್ ಲಗೇಜಿನಲ್ಲಿ, ಬಾಯಿ ತೆರೆಯದಂತೆ ರಬ್ಬರ್ ಬ್ಯಾಂಡ್ ಹಾಕಿ, ಬಟ್ಟೆಯ ನಡುವೆ.